ತಮ್ಮನಿಗೆ ಡಾನ್ಸ್ ಮಾಸ್ಟರ್ ಆಗುವ ಹಂಬಲ: ಬೆಂಗಳೂರಿಗೆ ಕಳಿಸುವ ಮುನ್ನ ಬಲ್ಲವರು ಹೇಳಬೇಕು

ನವನಗರದ ಅಕ್ಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ವರ್ಷ ಬಿ.ಕಾಂ. ಮುಗಿಸಿದ್ದಾನೆ. ಹೈಸ್ಕೂಲಿನಿಂದಲೂ ಪ್ರತಿ ಗ್ಯಾದರಿಂಗಿನಲ್ಲಿ (ವಾರ್ಷಿಕೋತ್ಸವದಲ್ಲಿ) ಕುಣಿದ ಹುಡುಗ. ಕಾಲೇಜು ಸೇರಿದ ಮೇಲೆ ತಾನು ಕುಣಿಯುವುದಕ್ಕಿಂತ ಬೇರೆಯವರಿಗೆ ಕಲಿಸುವುದರಲ್ಲೇ ಅವನ ಆಸಕ್ತಿ ಬೆಳೆಯಿತು. ಹಾಡೊಂದನ್ನು ಕೈಗೆತ್ತಿಕೊಂಡರೆ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವ ಸಾಲಿನಿಂದ ಮುಂದೆ ಬರಬೇಕು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಬರೆದುಕೊಳ್ಳುತ್ತಾನೆ. ಈಗ ಬೆಂಗಳೂರಿಗೆ ಹೋಗಿ ಸಿನಿಮಾ ಡಾನ್ಸ್ ಮಾಸ್ಟರ್ ಒಬ್ಬರ ಬಳಿ ಸಹಾಯಕನಾಗಿ ಸೇರಿ, ಮುಂದೆ ನೃತ್ಯ ನಿರ್ದೇಶಕನಾಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅಪ್ಪನಿಗೆ ಅವನು ಬ್ಯಾಂಕಿನ ಪರೀಕ್ಷೆ ಬರೆಯಲಿ ಎಂಬ ಆಸೆ. ಅವ್ವನಿಗೆ ಮಗ ಊರು ಬಿಡುತ್ತಾನೆಂಬ ಚಿಂತೆ.

ನಾನು ತಮ್ಮನ ಪರವಾಗಿ ಮಾತನಾಡಬೇಕೆಂದಿದ್ದೇನೆ, ಆದರೆ ಈ ವೃತ್ತಿಯ ಒಳಗು ನನಗೆ ಗೊತ್ತಿಲ್ಲ. ಟಿ.ವಿ.ಯಲ್ಲಿ ಕಾಣುವುದು ವೇದಿಕೆ ಮತ್ತು ಚಪ್ಪಾಳೆ ಮಾತ್ರ. ನಲವತ್ತು ದಾಟಿದ ಮೇಲೆ ನರ್ತಕನ ಬದುಕು ಹೇಗೆ ನಡೆಯುತ್ತದೆ, ದುಡ್ಡು ನಿಜವಾಗಿ ಯಾವ ಕಡೆಯಿಂದ ಬರುತ್ತದೆ, ಈ ವಿದ್ಯೆಯನ್ನು ಕ್ರಮವಾಗಿ ಕಲಿಯುವ ದಾರಿ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ಹೇಳಬೇಕು.

ಟಿಳಕವಾಡಿಯ ಡಾನ್ಸ್ ಮಾಸ್ತರ್, ಬೆಳಗಾವಿ

ಅಕ್ಕಾವರೇ, ನಿಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟುಕೊಳ್ಳುತ್ತಾನೆ ಎಂಬ ಮಾತು ಓದಿದ ಕೂಡಲೇ ಈ ಉತ್ತರ ಬರೆಯಲು ಕುಳಿತೆ. ನಾನು ಹಲವು ವರ್ಷ ಬೆಂಗಳೂರಿನಲ್ಲಿ ಗ್ರೂಪ್ ಡಾನ್ಸರ್ ಆಗಿ, ಆಮೇಲೆ ಸಹಾಯಕನಾಗಿ ದುಡಿದು, ಈಗ ಬೆಳಗಾವಿಯಲ್ಲಿ ತರಗತಿ ನಡೆಸುತ್ತಿದ್ದೇನೆ. ಚೆನ್ನಾಗಿ ಕುಣಿಯುವ ಹುಡುಗರು ಪ್ರತಿ ತಾಲ್ಲೂಕಿನಲ್ಲಿಯೂ ಸಿಗುತ್ತಾರೆ. ಇಪ್ಪತ್ತು ಜನರನ್ನು ಒಂದು ಚೌಕಟ್ಟಿನಲ್ಲಿ ನಿಲ್ಲಿಸಿ, ಅವರವರ ಶಕ್ತಿಗೆ ತಕ್ಕಂತೆ ಹೆಜ್ಜೆ ಕಟ್ಟಿಕೊಡುವವರು ಬಹಳ ಕಡಿಮೆ. ನಲವತ್ತರ ನಂತರವೂ ಉಳಿಯುವುದು ಈ ಎರಡನೆಯ ವಿದ್ಯೆಯೇ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನೆಯ ಹಿರಿಯರು ಇದನ್ನು ಬರೀ ಕುಣಿತವೆಂದು ತಿಳಿದಿರುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ಹಾಡು ಕೈಗೆ ಬಂದ ಮೇಲೆ ಮಾಸ್ಟರ್ ಮೊದಲು ಮಾಡುವುದು ಎಣಿಕೆ. ಪಲ್ಲವಿ, ಅದರ ನಂತರದ ಬಿಜಿಎಂ (ಹಾಡಿನ ನಡುವಿನ ವಾದ್ಯಸಂಗೀತ), ಚರಣ ಎಂದು ಹಾಡನ್ನು ಬಿಡಿಸಿ, ಪ್ರತಿ ಭಾಗವನ್ನು ಎಂಟೆಂಟು ಕೌಂಟುಗಳಾಗಿ ಒಡೆದು ಬರೆದುಕೊಳ್ಳಬೇಕು. ಮುಖ್ಯ ಕಲಾವಿದರಿಗೆ ಏನು ಒಪ್ಪುತ್ತದೆ, ಅವರ ಮೊಣಕಾಲು ಹೇಗಿದೆ, ಉಡುಪಿನ ಭಾರವೆಷ್ಟು, ನೆಲ ಮಣ್ಣಿನದೋ ಕಲ್ಲಿನದೋ ಎಂಬುದನ್ನೆಲ್ಲ ನೋಡಿ ಹೆಜ್ಜೆ ಕಟ್ಟಬೇಕು. ಎರಡನೆಯ ಸಾಲಿನವರನ್ನು ಮೊದಲ ಸಾಲಿನವರ ನಡುವಿನ ಸಂದಿಗೆ ಸರಿಯಾಗಿ ನಿಲ್ಲಿಸದಿದ್ದರೆ ಹಿಂದಿನವರ ಶ್ರಮವೆಲ್ಲ ಕ್ಯಾಮೆರಾಕ್ಕೆ ಕಾಣದೆ ಹೋಗುತ್ತದೆ. ವೇದಿಕೆಯಲ್ಲಿ ಪ್ರೇಕ್ಷಕರು ಒಂದೇ ಕಡೆ ಕುಳಿತಿರುತ್ತಾರೆ. ಚಿತ್ರೀಕರಣದಲ್ಲಿ ಶಾಟ್ ಬದಲಾದಂತೆಲ್ಲ ನೋಡುವ ಕಣ್ಣು ಜಾಗ ಬದಲಿಸುತ್ತದೆ. ಅದಕ್ಕಾಗಿ ಮಾಸ್ಟರ್ ಆದವರಿಗೆ ಲೆನ್ಸ್, ಎಡಿಟಿಂಗ್, ಟ್ರಾಲಿಯ ಚಲನೆ ಇವೆಲ್ಲ ತಿಳಿದಿರಲೇಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಿಧಾನಗತಿಯಲ್ಲಿ ಕಾಣಬೇಕಾದ ಭಾಗವನ್ನು ಸೆಕೆಂಡಿಗೆ 48 ಫ್ರೇಮುಗಳಲ್ಲಿ ತೆಗೆಯುವಾಗ ಸೆಟ್ಟಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸುತ್ತಾರೆ. ಕಲಾವಿದರು ಆ ವೇಗಕ್ಕೇ ತುಟಿ ಆಡಿಸುತ್ತಾ ಕುಣಿಯಬೇಕು. ಅದನ್ನು 24 ಫ್ರೇಮುಗಳಲ್ಲಿ ತೋರಿಸಿದಾಗ ತುಟಿ ಮೂಲ ಹಾಡಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ, ದೇಹ ಮಾತ್ರ ತೇಲಿದಂತೆ ಕಾಣುತ್ತದೆ. ಎರಡು ಪಟ್ಟು ವೇಗದಲ್ಲಿ ಮಾಡಿದರೂ ತೆರೆಯ ಮೇಲೆ ಲಾಲಿತ್ಯ ಕೆಡದಂಥ ಹೆಜ್ಜೆ ಯಾವುದು ಎಂದು ಮುಂಚಿತವಾಗಿ ಊಹಿಸುವುದು ಸಣ್ಣ ವಿದ್ಯೆಯಲ್ಲ. ಇದನ್ನು ಯಾವ ರೀಲ್ಸ್ ನೋಡಿದರೂ ಕಲಿಯಲಾಗದು. ಮಾಸ್ಟರ್ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಇನ್ನು ಕಾಯುವಿಕೆಯ ವಿಷಯ. ಹಿಂದಿ ಚಿತ್ರರಂಗದ ಸರೋಜ್ ಖಾನ್ ಬಾಲನಟಿಯಾಗಿ ಬಂದವರು. ಹಿನ್ನೆಲೆ ನರ್ತಕಿಯಾಗಿ, ನೃತ್ಯ ನಿರ್ದೇಶಕ ಬಿ. ಸೋಹನ್‌ಲಾಲ್ ಅವರ ಸಹಾಯಕಿಯಾಗಿ ದುಡಿದು 1974ರಲ್ಲಿ ಸ್ವತಂತ್ರವಾಗಿ ನೃತ್ಯ ನಿರ್ದೇಶನ ಮಾಡಿದರು. ಆದರೂ ದೇಶಕ್ಕೆಲ್ಲ ಅವರ ಹೆಸರು ತಿಳಿದದ್ದು 1987-88ರ ಹೊತ್ತಿಗೆ. ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ನೃತ್ಯ ನಿರ್ದೇಶನಕ್ಕೆ ಪ್ರತ್ಯೇಕ ವಿಭಾಗ ಆರಂಭವಾದದ್ದೇ 1989ರಲ್ಲಿ, ಮೊದಲ ಪ್ರಶಸ್ತಿ ಸಂದದ್ದೂ ಅವರಿಗೇ. ಅಷ್ಟು ದೊಡ್ಡ ಪ್ರತಿಭೆಗೇ ಇಷ್ಟು ವರ್ಷ ಬೇಕಾಯಿತು ಎಂಬುದನ್ನು ನಿಮ್ಮ ತಮ್ಮನಿಗೆ ಮೊದಲ ದಿನವೇ ಹೇಳಿರಿ. ಅವನನ್ನು ಹೆದರಿಸುವುದಕ್ಕಲ್ಲ, ಎರಡು ವರ್ಷದಲ್ಲಿ ಫಲ ಕಾಣಲಿಲ್ಲವೆಂದು ಅವನು ತನ್ನನ್ನೇ ಹಳಿದುಕೊಳ್ಳಬಾರದೆಂಬ ಕಾರಣಕ್ಕೆ ಹೇಳಬೇಕು.

ನಮ್ಮವರ ಉದಾಹರಣೆಯೂ ಇದೆ. ಮೈಸೂರು ಜಿಲ್ಲೆಯ ಮೂಗೂರಿನ ಸುಂದರಂ ಮಾಸ್ಟರ್ ದಕ್ಷಿಣದ ಚಿತ್ರರಂಗಗಳಲ್ಲಿ ಹೆಸರು ಮಾಡಿದರು. ಅವರ ಮಗ ಪ್ರಭುದೇವ ಅವರು ಧರ್ಮರಾಜ್ ಮತ್ತು ಉಡುಪಿ ಲಕ್ಷ್ಮೀನಾರಾಯಣನ್ ಅವರಲ್ಲಿ ಭರತನಾಟ್ಯ ಕಲಿತು, ಹಿನ್ನೆಲೆಯ ಸಾಲಿನಲ್ಲಿ ಕುಣಿದು, ಆಮೇಲೆ ಮಾಸ್ಟರ್ ಆದರು. ನೃತ್ಯ ನಿರ್ದೇಶನಕ್ಕೆ ಎರಡು ಸಲ ರಾಷ್ಟ್ರಪ್ರಶಸ್ತಿ ಪಡೆದರು, 2019ರಲ್ಲಿ ಪದ್ಮಶ್ರೀ ಬಂತು. ಮೂಳೆಯಿಲ್ಲದವರಂತೆ ಕುಣಿಯುತ್ತಾರೆ ಎಂದು ಜನ ಮೆಚ್ಚುವ ಆ ದೇಹದ ಹಿಂದೆ ಅಡವುಗಳ, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳ ಶಿಸ್ತು ಇದೆ ಎಂಬುದನ್ನು ಹುಡುಗರು ಗಮನಿಸುವುದಿಲ್ಲ. ಕನ್ನಡದಲ್ಲಿ ಎ. ಹರ್ಷ, ಇಮ್ರಾನ್ ಸರ್ದಾರಿಯಾ ಇವರು ನೃತ್ಯ ನಿರ್ದೇಶನದಿಂದ ಚಿತ್ರ ನಿರ್ದೇಶನಕ್ಕೆ ನಡೆದರು. ಜನರನ್ನು ಚೌಕಟ್ಟಿನಲ್ಲಿ ನಿಲ್ಲಿಸುವ ವಿದ್ಯೆ ಗಟ್ಟಿಯಾದವರಿಗೆ ಆ ದಾರಿಯೂ ತೆರೆಯುತ್ತದೆ.

ದುಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಗ್ರೂಪ್ ಡಾನ್ಸರ್‌ಗೆ ದಿನದ ಲೆಕ್ಕದಲ್ಲಿ ಕೂಲಿ. ಕೆಲಸವಿದ್ದ ದಿನ ದುಡ್ಡು, ಇಲ್ಲದ ದಿನ ಇಲ್ಲ. ಚಿತ್ರೀಕರಣದಲ್ಲಿ ನಿಯಮಿತವಾಗಿ ಕೆಲಸ ಸಿಗಬೇಕಾದರೆ ಕಲಾವಿದರ ಸಂಘದ ಕಾರ್ಡ್ ಬೇಕು, ಅದಕ್ಕೆ ಸದಸ್ಯತ್ವದ ಹಣ ಕಟ್ಟಬೇಕು. ಬಹುಪಾಲು ನರ್ತಕರ ಮನೆ ನಡೆಯುವುದು ಸಿನಿಮಾದಿಂದಲ್ಲ. ಶಾಲೆಗಳ ಗ್ಯಾದರಿಂಗ್, ಮದುವೆಯ ಸಂಗೀತ್, ಕಂಪನಿಗಳ ವಾರ್ಷಿಕ ಸಮಾರಂಭ ಮತ್ತು ಸ್ವಂತ ತರಗತಿ ಇವುಗಳಿಂದ. ನಮ್ಮ ಭಾಗದಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಗ್ಯಾದರಿಂಗಿನ ಸುಗ್ಗಿ, ಆಮೇಲೆ ಲಗ್ನಸರಾಯಿ, ಮಳೆಗಾಲದ ಮೊದಲ ಭಾಗ ಬರಿಗೈ. ಈ ಲಯವನ್ನು ಅರಿತು ಉಳಿತಾಯ ಮಾಡುವವನು ಈ ವೃತ್ತಿಯಲ್ಲಿ ಉಳಿಯುತ್ತಾನೆ.

ಗೋಕಾಕದ ನೃತ್ಯ ಶಿಕ್ಷಕಿ

ಮಾಸ್ತರರ ಮಾತನ್ನು ಬಹುತೇಕ ಒಪ್ಪುತ್ತೇನೆ. ಆದರೆ ಮಾಸ್ಟರ್ ಪಕ್ಕದಲ್ಲಿ ನಿಂತೇ ಕಲಿಯಬೇಕು ಎಂಬ ಮಾತಿಗೆ ನನ್ನ ತಕರಾರಿದೆ. ಹಾಗೆ ನಿಂತು ಕಲಿಯುವ ಹುಡುಗನಿಗೆ ಆ ಮಾಸ್ಟರರ ಶೈಲಿ ಬರುತ್ತದೆ, ತನ್ನದೆಂಬುದು ಬರುವುದಿಲ್ಲ. ನೃತ್ಯ ಸಂಯೋಜನೆಯು ಬೇರೆಯಾಗಿಯೇ ಓದಬೇಕಾದ ವಿಷಯವೆಂದು ನಮ್ಮ ಮಲ್ಲೇಶ್ವರದ ಮಗಳು ಮಾಯಾ ರಾವ್ ಜೀವಮಾನವಿಡೀ ಸಾಧಿಸಿ ತೋರಿಸಿದರು. ಕಥಕ್ ಕಲಾವಿದೆಯಾಗಿದ್ದ ಅವರು ರಷ್ಯಾದಲ್ಲಿ ನೃತ್ಯ ಸಂಯೋಜನೆ ಅಭ್ಯಾಸ ಮಾಡಿ ಬಂದು, ದೆಹಲಿಯಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. 2014ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ದಾರಿಯಲ್ಲಿ ನಡೆದವರ ಒಂದು ತಲೆಮಾರೇ ಸಿದ್ಧವಾಗಿತ್ತು.

ನಿಮ್ಮ ತಮ್ಮನಿಗೆ ಶಾಸ್ತ್ರೀಯ ನೃತ್ಯದ ಅಡಿಪಾಯ ಇದೆಯೇ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಇನ್ನೂ ತಡವಾಗಿಲ್ಲ. ಗಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಂದ ವಿಶಾರದದವರೆಗೆ ನಮ್ಮ ಭಾಗದ ಎಷ್ಟೋ ಮಕ್ಕಳು ಕಥಕ್ ಮತ್ತು ಭರತನಾಟ್ಯ ಪರೀಕ್ಷೆ ಬರೆಯುತ್ತಾರೆ. ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಲ್ಲಿ ನೃತ್ಯದ ಪದವಿ ಶಿಕ್ಷಣವಿದೆ. ಪ್ರಮಾಣಪತ್ರದಿಂದ ಸಿನಿಮಾ ಸಿಗುವುದಿಲ್ಲ ನಿಜ, ಆದರೆ ಶಾಲೆಯಲ್ಲಿ ನೃತ್ಯ ಶಿಕ್ಷಕನಾಗಲು ಅದು ಬೇಕಾಗುತ್ತದೆ, ತಾಳಜ್ಞಾನವಂತೂ ಯಾವ ಕೆಲಸದಲ್ಲಿಯೂ ಕೈಬಿಡದು. ಎಂಟರ ಕೌಂಟಿನಲ್ಲಷ್ಟೇ ಬೆಳೆದ ಹುಡುಗರು ಏಳು ಮಾತ್ರೆಯ ಹಾಡು ಬಂದರೆ ತಡವರಿಸುವುದನ್ನು ಪದೇ ಪದೇ ನೋಡಿದ್ದೇನೆ. ಏಳು ಮಾತ್ರೆಯ ಮಿಶ್ರಛಾಪು ತಾಳ ಬಲ್ಲವನಿಗೆ ಅದೊಂದು ತೊಡಕೇ ಅಲ್ಲ.

ಗುಳೇದಗುಡ್ಡದ ಹಾರ್ಮೋನಿಯಂ

ಎಲ್ಲರೂ ಬೆಂಗಳೂರು, ಮುಂಬಯಿ, ಚೆನ್ನೈ ಎನ್ನುತ್ತಿದ್ದೀರಿ. ನಾನು ನಾಟಕ ಕಂಪನಿಗಳಲ್ಲಿ ಪೆಟ್ಟಿಗೆ ನುಡಿಸಿದವನು, ಹಾಗಾಗಿ ನಮ್ಮ ನೆಲದ ಮಾತು ಹೇಳಬೇಕೆನಿಸಿತು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿರಿ. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ಸಾಲಾಗಿ ನಾಟಕ ಕಂಪನಿಗಳ ಟೆಂಟುಗಳು ನಿಂತಿರುತ್ತವೆ. ದಿನಕ್ಕೆ ಎರಡು, ಮೂರು ಆಟಗಳು, ದೃಶ್ಯಗಳ ನಡುವೆ ಹಾಡು-ಕುಣಿತ. ಅಲ್ಲಿ ಕುಣಿಯುವವರಿಗೆ ರೀಟೇಕ್ ಎಂಬುದಿಲ್ಲ, ಹಲಗೆಯ ವೇದಿಕೆ ಅಲುಗಾಡುತ್ತಿದ್ದರೂ ನಗುಮುಖ ಬಿಡುವ ಹಾಗಿಲ್ಲ. ಜನ ಎಲ್ಲಿ ಮುಂದಕ್ಕೆ ವಾಲುತ್ತಾರೆ, ಎಲ್ಲಿ ಬೇಸತ್ತು ಎದ್ದು ಚಹಾ ಕುಡಿಯಲು ಹೋಗುತ್ತಾರೆ ಎಂಬುದು ಅದೇ ಕ್ಷಣ ಕಣ್ಣಿಗೆ ಬೀಳುತ್ತದೆ. ಒಂದು ಜಾತ್ರೆಯ ಹಂಗಾಮು ಅಲ್ಲಿ ದುಡಿದ ಹುಡುಗನಿಗೆ ಪ್ರೇಕ್ಷಕರ ನಾಡಿ ಸಿಗುತ್ತದೆ.

ನಮ್ಮ ಭಾಗದ ಜನಪದ ಆಟವಾದ ಶ್ರೀಕೃಷ್ಣ ಪಾರಿಜಾತವನ್ನೂ ನೆನೆಯಬೇಕು. ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಇವರಿಂದ ಬೆಳೆದ ಆ ಆಟದಲ್ಲಿ ಹಾಡು, ಮಾತು, ಹೆಜ್ಜೆ ಮೂರೂ ಬೆರೆತಿವೆ. ಕೊರವಂಜಿಯ ಪ್ರವೇಶವೊಂದನ್ನೇ ಗಮನಿಸಿರಿ: ಪಾತ್ರ ಬಾಯಿ ತೆರೆಯುವ ಮೊದಲೇ ಅವಳ ನಡಿಗೆಯಿಂದ ಅವಳು ಯಾರೆಂದು ಜನಕ್ಕೆ ಗೊತ್ತಾಗುತ್ತದೆ. ನಡಿಗೆಯಲ್ಲಿ ಪಾತ್ರ ಕಟ್ಟುವುದು ನೃತ್ಯ ನಿರ್ದೇಶಕನ ದೊಡ್ಡ ಬಂಡವಾಳ, ಅದು ಲೋಕಾಪುರ, ಮುಧೋಳ, ಗೋಕಾಕ ಸೀಮೆಯಲ್ಲಿ ಈಗಲೂ ಕಣ್ಣಾರೆ ನೋಡಲು ಸಿಗುತ್ತದೆ.

ಆದರೆ ಒಂದು ನೋವಿನ ಮಾತನ್ನೂ ಹೇಳಬೇಕು. ಕಂಪನಿಗಳಲ್ಲಿ ಕುಣಿದ ಹೆಣ್ಣುಮಕ್ಕಳ ಹಾಡಿಗೆ ಸಿಳ್ಳೆ ಹೊಡೆದ ಜನವೇ ಮರುದಿನ ಅವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿದದ್ದನ್ನು ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಈಗ ಚರ್ಚೆ ನಡೆಯುತ್ತಿರುವುದು ಮಗನ ಬಗ್ಗೆ. ಮಗಳಾಗಿದ್ದರೆ ಚರ್ಚೆಯೇ ನಡೆಯುತ್ತಿರಲಿಲ್ಲವೇನೋ. ಈ ಕಲೆಗೆ ದುಡಿದ ಆ ತಾಯಂದಿರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬ ಸಂಕಟ ನನಗಿದೆ.

ವಿಜಯಪುರದ ವಕೀಲೆ

ಹಿರಿಯರ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಕಾನೂನಿನ ಕಡೆಯಿಂದ ಕೆಲವು ವಿಷಯ ತಿಳಿಸುತ್ತೇನೆ, ಏಕೆಂದರೆ ಈ ವೃತ್ತಿಯಲ್ಲಿ ಮೋಸ ಹೋಗುವವರು ಹೆಚ್ಚಾಗಿ ಬಾಯಿಮಾತಿನ ಒಪ್ಪಂದ ನಂಬಿದವರೇ.

1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ನಾಟಕ ಕೃತಿಯ ವ್ಯಾಖ್ಯೆಯೊಳಗೆ ನೃತ್ಯ ಸಂಯೋಜನೆಯೂ ಸೇರಿದೆ. ಆದರೆ ಅದು ಬರವಣಿಗೆಯಲ್ಲಿ ಅಥವಾ ಬೇರೊಂದು ರೀತಿಯಲ್ಲಿ ದಾಖಲಾಗಿರಬೇಕೆಂಬ ಷರತ್ತಿದೆ. ತಲೆಯಲ್ಲಿರುವ ಹೆಜ್ಜೆಗೆ ರಕ್ಷಣೆ ಇಲ್ಲ. ಹಾಗಾಗಿ ನಿಮ್ಮ ತಮ್ಮನ ಚುಕ್ಕಿಗಳ ನೋಟ್‌ಬುಕ್ಕು ಅಮೂಲ್ಯವಾದುದು. ಅದರಲ್ಲಿ ತಾರೀಖು ಬರೆದಿಡಲು, ರಿಹರ್ಸಲಿನ ವಿಡಿಯೊ ಕಾಯ್ದಿಡಲು ಹೇಳಿರಿ. ಸಿನಿಮಾಕ್ಕೆಂದು ಕಟ್ಟಿದ ನೃತ್ಯದ ಹಕ್ಕು ಸಾಮಾನ್ಯವಾಗಿ ಒಪ್ಪಂದದ ಮೂಲಕ ನಿರ್ಮಾಪಕರ ಪಾಲಾಗುತ್ತದೆ, ಆದ್ದರಿಂದ ಸಹಿ ಹಾಕುವ ಮೊದಲು ಓದಬೇಕು.

ಅದೇ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದಿದೆ. ಪ್ರದರ್ಶಕ ಎಂಬ ವ್ಯಾಖ್ಯೆಯಲ್ಲಿ ನರ್ತಕರ ಹೆಸರೂ ಇದೆ, ಆ ಹಕ್ಕಿನ ಅವಧಿ 50 ವರ್ಷ. ಆದರೆ 2012ರ ತಿದ್ದುಪಡಿಯಲ್ಲಿ ಸೇರಿದ ಒಂದು ಪರಂತುಕವನ್ನು (ವಿನಾಯಿತಿಯ ಷರತ್ತನ್ನು) ಪ್ರತಿ ಗ್ರೂಪ್ ಡಾನ್ಸರ್ ತಿಳಿದಿರಬೇಕು. ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಕಾಣಿಸಿಕೊಂಡು, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲಿಯೂ ಬಾರದವರನ್ನು, ತಮ್ಮ ಪ್ರದರ್ಶನವನ್ನು ವಿರೂಪಗೊಳಿಸಿ ಗೌರವಕ್ಕೆ ಧಕ್ಕೆ ತಂದಾಗ ಪ್ರಶ್ನಿಸುವ ಹಕ್ಕೊಂದನ್ನು ಬಿಟ್ಟರೆ, ಪ್ರದರ್ಶಕರೆಂದು ಪರಿಗಣಿಸಲಾಗದು ಎಂದು ಅದು ಹೇಳುತ್ತದೆ. ತೆರೆಯ ಮೇಲೆ ಹೆಸರು ಬರುವುದು ಬರೀ ಗೌರವದ ಪ್ರಶ್ನೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹೆಸರಿಗಾಗಿ ಒತ್ತಾಯಿಸುವುದು ಅಹಂಕಾರವೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿರಿ.

ರಾಜ್ಯದಲ್ಲಿ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಕಾನೂನು ರೂಪಿಸಲಾಯಿತು. ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರವರೆಗೆ ಉಪಕರ ವಿಧಿಸಿ, ಆ ಹಣವನ್ನು ಕಲ್ಯಾಣ ಮಂಡಳಿಯ ಮೂಲಕ ಕಾರ್ಯಕರ್ತರ ಸಾಮಾಜಿಕ ಭದ್ರತೆಗೆ ಬಳಸಬೇಕೆಂಬುದು ಅದರ ತಿರುಳು. ವೃತ್ತಿಗೆ ಇಳಿಯುವವರು ನೋಂದಣಿಯ ವಿವರಗಳ ಮೇಲೆ ಕಣ್ಣಿಟ್ಟಿರಬೇಕು. ಇನ್ನು ಹೆಣ್ಣುಮಕ್ಕಳಿಗೆ ಒಂದು ಮಾತು: ಹತ್ತಕ್ಕಿಂತ ಕಡಿಮೆ ಜನರಿರುವ ತಂಡದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಮಾಸ್ಟರ್ ಮುನಿದರೆ ಕೆಲಸ ಹೋಗುತ್ತದೆ ಎಂಬ ಭಯದಲ್ಲಿ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡಿರುತ್ತಾರೆ.

ಜಮಖಂಡಿಯ ತಂದೆ

ಮೇಡಂ ಅವರೇ, ಚರ್ಚೆಯ ನಡುವೆ ಬಂದದ್ದಕ್ಕೆ ಬೇಸರಿಸಬೇಡಿ. ನನ್ನ ಮಗಳಿಗೆ ಹನ್ನೊಂದು ವರ್ಷ. ಟಿ.ವಿ. ಡಾನ್ಸ್ ಸ್ಪರ್ಧೆಯ ಆಡಿಷನ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಮಕ್ಕಳ ವಿಷಯದಲ್ಲಿ ಬೇರೆ ನಿಯಮಗಳಿವೆಯೇ?

ವಿಜಯಪುರದ ವಕೀಲೆ

ಖಂಡಿತ ಇವೆ, ಸರ್. ಹದಿನಾಲ್ಕು ವರ್ಷದೊಳಗಿನವರು ಬಾಲಕಾರ್ಮಿಕ ಕಾಯಿದೆಯ ಅಡಿಯಲ್ಲಿ 2017ರಲ್ಲಿ ತಿದ್ದುಪಡಿಯಾದ ನಿಯಮಗಳ ವ್ಯಾಪ್ತಿಗೆ ಬರುತ್ತಾರೆ. ಕಾರ್ಯಕ್ರಮ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಪಡೆದಿರಬೇಕು. ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನಗಳಿಗಿಂತ ಹೆಚ್ಚು ತೊಡಗಿಸುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳ ಹೆಸರಿಗೇ ಠೇವಣಿ ಇಡಬೇಕು. ಇವನ್ನು ಕೇಳುವುದಕ್ಕೆ ಸಂಕೋಚ ಪಡಬೇಡಿ. ಮಗಳಿಗೆ ಮನಸ್ಸಿಲ್ಲದ ದಿನ ಒತ್ತಾಯಿಸಲೂಬೇಡಿ, ಅವಳ ಒಪ್ಪಿಗೆಯಿಲ್ಲದೆ ವೇದಿಕೆ ಹತ್ತಿಸಬಾರದೆಂದು ನಿಯಮವೇ ಹೇಳುತ್ತದೆ.

ನವನಗರದ ಅಕ್ಕ, ಬಾಗಲಕೋಟೆ

ಎಲ್ಲರಿಗೂ ಮನಸಾರೆ ವಂದನೆಗಳು. ನೀವು ಬರೆದುದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಎರಡು ಪಟ್ಟು ವೇಗದ ಹಾಡಿನ ವಿಷಯ ಕೇಳಿ ಅವರು, "ಹಂಗಾದ್ರ ಇದೂ ಒಂದ್ ಲೆಕ್ಕದ ಕೆಲಸಾನ ಅನ್ನು" ಎಂದರು. ಅವರು ಬೆಂಗಳೂರಿಗೆ ಇನ್ನೂ ಒಪ್ಪಿಲ್ಲ, ಆದರೆ ಬ್ಯಾಂಕಿನ ಪರೀಕ್ಷೆಯ ಮಾತು ಈಗ ಮೊದಲಿನಷ್ಟು ಎತ್ತುತ್ತಿಲ್ಲ.

ತಮ್ಮನಿಗೆ ಶಾಸ್ತ್ರೀಯ ನೃತ್ಯದ ಪಾಠ ಆಗಿಲ್ಲ. ಅವನು ಒಂದು ವರ್ಷ ಇಲ್ಲೇ ಉಳಿದು ಸಿದ್ಧನಾಗುವುದಾದರೆ ಆ ವರ್ಷವನ್ನು ಹೇಗೆ ಬಳಸಬೇಕು? ಕಾಲಿನ ಪೆಟ್ಟಿನ ಬಗ್ಗೆ ಅವ್ವ ಬಹಳ ಕೇಳುತ್ತಿದ್ದಾಳೆ, ಅದನ್ನೂ ತಿಳಿಸಿರಿ.

ಟಿಳಕವಾಡಿಯ ಡಾನ್ಸ್ ಮಾಸ್ತರ್, ಬೆಳಗಾವಿ

ಅವ್ವ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ಈ ವೃತ್ತಿಯಲ್ಲಿ ಮೊಣಕಾಲು ಮತ್ತು ಹಿಮ್ಮಡಿಯ ಗಂಟು ಬೇಗ ಸವೆಯುತ್ತವೆ. ಸಿಮೆಂಟಿನ ನೆಲದ ಮೇಲೆ ದಿನವಿಡೀ ನೆಗೆಯುವುದು, ಮೈ ಬಿಸಿಯಾಗುವ ಮೊದಲೇ ಪಲ್ಟಿ ಹೊಡೆಯುವುದು, ಉಳುಕಿದ ಕಾಲಿಗೆ ಪಟ್ಟಿ ಸುತ್ತಿಕೊಂಡು ಅದೇ ಸಂಜೆ ಕುಣಿಯುವುದು, ಮುಖ್ಯ ಕಾರಣಗಳು ಇವೇ. ಮೊಣಕಾಲಿನ ಒಳಗಿನ ಅಸ್ಥಿರಜ್ಜು (ಲಿಗಮೆಂಟ್) ಹರಿದರೆ ಶಸ್ತ್ರಚಿಕಿತ್ಸೆಯ ನಂತರವೂ ಮರಳಲು ಒಂಬತ್ತು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಆ ಅವಧಿಗೆ ಕೂಲಿ ಕೊಡುವವರು ಯಾರೂ ಇಲ್ಲ. ಊರು ಬಿಡುವ ಮುನ್ನ ಅವನಿಗೆ ಆರೋಗ್ಯ ವಿಮೆ ಮತ್ತು ಅಪಘಾತ ವಿಮೆ ಎರಡನ್ನೂ ಮಾಡಿಸಿರಿ. ಇದು ಅವ್ವನ ಸಮಾಧಾನಕ್ಕೆ ಹೇಳುವ ಮಾತಲ್ಲ, ವೃತ್ತಿಯ ಮೊದಲ ಖರ್ಚು.

ಆ ಒಂದು ವರ್ಷದ ಬಗ್ಗೆ: ಶಿಕ್ಷಕಿಯವರ ಮಾತನ್ನು ಒಪ್ಪಿ ಹೇಳುತ್ತೇನೆ, ಬೆಳಿಗ್ಗೆ ಕಥಕ್ ಅಥವಾ ಭರತನಾಟ್ಯ ಯಾವುದಾದರೊಂದಕ್ಕೆ ಸೇರಲಿ. ಗ್ಯಾದರಿಂಗಿನ ಹಂಗಾಮಿನಲ್ಲಿ ಎರಡು ಶಾಲೆಗಳ ಕೆಲಸ ಹಿಡಿಯಲಿ, ಹೆಚ್ಚು ಬೇಡ. ಒಂದು ಶಾಲೆಯಲ್ಲಿ ಸಿನಿಮಾ ಹಾಡು ಮಾಡಿಸಿದರೆ ಇನ್ನೊಂದರಲ್ಲಿ ಪಾರಿಜಾತದ ಒಂದು ಪ್ರವೇಶವನ್ನೋ ಡೊಳ್ಳಿನ ಲಯವನ್ನೋ ಎತ್ತಿಕೊಂಡು ಹತ್ತು ನಿಮಿಷದ ರೂಪಕ ಕಟ್ಟಲಿ. ಮುಂದೆ ಯಾವ ಮಾಸ್ಟರರ ಎದುರು ನಿಂತರೂ ಎರಡನೆಯದೇ ಅವನನ್ನು ಉಳಿದ ಹುಡುಗರಿಂದ ಬೇರೆ ಮಾಡಿ ತೋರಿಸುತ್ತದೆ. ಕಿತ್ತೂರು ಉತ್ಸವ, ಚಾಲುಕ್ಯ ಉತ್ಸವ, ನವರಸಪುರ ಉತ್ಸವಗಳು ನಡೆಯುವಾಗ ಸ್ಥಳೀಯ ತಂಡಗಳಿಗೂ ಅವಕಾಶ ಕೊಡುತ್ತಾರೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿಯ ಕ್ರಮ ವಿಚಾರಿಸಲಿ. ನಿಮ್ಮ ಮನೆಯಿಂದ ಬಾದಾಮಿ ದೂರವೇನಲ್ಲ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಒಂದು ಬೆಳಗ್ಗೆ ಕುಳಿತು, ಅಷ್ಟು ಕೈಗಳಿದ್ದರೂ ಸೊಂಟದ ತೂಕ ಯಾವ ಕಾಲಿನ ಮೇಲಿದೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ಬಿ.ಕಾಂ. ಓದಿದ್ದು ವ್ಯರ್ಥವಾಗದು. ಕಾರ್ಯಕ್ರಮಕ್ಕೆ ಕೊಟೇಶನ್ ಬರೆಯುವುದು, ಮುಂಗಡ ಪಡೆದು ರಸೀದಿ ಕೊಡುವುದು, ಉಡುಪಿನ ಬಾಡಿಗೆ, ಪ್ರಯಾಣ, ಊಟ ಎಲ್ಲ ಕಳೆದು ತನಗೆಷ್ಟು ಉಳಿಯಿತೆಂದು ಲೆಕ್ಕವಿಡುವುದು, ಇವು ನಮ್ಮಲ್ಲಿ ಹೆಚ್ಚಿನವರಿಗೆ ಬಾರದ ಕೆಲಸಗಳು. ತಂಡದ ಹುಡುಗರ ಕೂಲಿಯನ್ನು ಕಾರ್ಯಕ್ರಮ ಮುಗಿದ ದಿನವೇ ಕೊಡುವ ಮಾಸ್ಟರ್‌ಗೆ ಮುಂದಿನ ಸಲ ಒಳ್ಳೆಯ ಡಾನ್ಸರುಗಳು ತಾವಾಗಿಯೇ ಬರುತ್ತಾರೆ.

ಬೆಂಗಳೂರಿಗೆ ಹೋದಾಗ ಮೊದಲ ಸಲವೇ ಬಾಡಿಗೆ ಮನೆ ಹಿಡಿಯುವುದು ಬೇಡ. ಬಸವ ಎಕ್ಸ್‌ಪ್ರೆಸ್ ರೈಲು ಹತ್ತಿ ಹೋಗಿ ಕೆಲವು ದಿನ ಪರಿಚಯದವರಲ್ಲಿ ಉಳಿದು ಎರಡು-ಮೂರು ಡಾನ್ಸ್ ಸ್ಟುಡಿಯೊಗಳ ರಿಹರ್ಸಲ್ ನೋಡಲಿ, ಸಹಾಯಕರೊಂದಿಗೆ ಮಾತನಾಡಲಿ. ಅವಕಾಶ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರಿಂದ ದೂರವಿರಲಿ. ಕೆಲಸ ಕೊಡುವ ಮಾಸ್ಟರ್ ಹುಡುಗನ ಕುಣಿತ ನೋಡಲು ಕೇಳುತ್ತಾರೆಯೇ ಹೊರತು ಅವನ ಅಪ್ಪನ ದುಡ್ಡನ್ನಲ್ಲ. ನನಗೆ ಪರಿಚಯವಿರುವ ಸಹಾಯಕರಿದ್ದಾರೆ, ಮುಂದಿನ ಬೇಸಿಗೆಯ ಹೊತ್ತಿಗೆ ಅವನು ತನ್ನ ರೂಪಕದ ವಿಡಿಯೊ ಸಿದ್ಧ ಮಾಡಿಕೊಂಡರೆ ಅವರಿಗೆ ತೋರಿಸಲು ನಾನೇ ಕಳಿಸುತ್ತೇನೆ. ಅದಕ್ಕೂ ಮೊದಲು ಒಂದು ಭಾನುವಾರ ಅಪ್ಪನನ್ನೂ ಕರೆದುಕೊಂಡು ಬೆಳಗಾವಿಗೆ ಬನ್ನಿರಿ. ಕುಮಾರ ಗಂಧರ್ವ ರಂಗಮಂದಿರದಲ್ಲಿ ನಮ್ಮ ಮಕ್ಕಳ ರಿಹರ್ಸಲ್ ಇದ್ದ ದಿನ ತಿಳಿಸುತ್ತೇನೆ; ಅವರು ಪಕ್ಕದಲ್ಲಿ ಕುಳಿತು ಕೆಲಸ ನೋಡಲಿ, ಕೇಳಬೇಕಾದುದನ್ನು ನನ್ನನ್ನೇ ಕೇಳಲಿ.